ಸೋಮನ ಮೊಗ ಮತ್ತು ಸಂಗ್ರಹಾಲಯದ ಗೋಡೆ

ಗ್ರಾಮದೇವತೆಯ ಮುಂದೆ ಕುಣಿಯುವ ಸೋಮನ ಮೊಗವನ್ನು, ಎಂದರೆ ಮರದ ಮುಖವಾಡವನ್ನು, ಗುಡಿಯಿಂದ ತಂದು ಸಂಗ್ರಹಾಲಯದ ಗೋಡೆಗೆ ತೂಗುಹಾಕಿದ ಮೇಲೆ, ಅದರಲ್ಲಿದ್ದ ದೈವವು ಏನಾಗುತ್ತದೆ? ಮೈಸೂರಿನ ಮಾನಸಗಂಗೋತ್ರಿಯಲ್ಲಿ, 1905ರಲ್ಲಿ ರಾಜಕುಮಾರಿಯೊಬ್ಬರಿಗಾಗಿ ಕಟ್ಟಿಸಿದ ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯವನ್ನು ಕಂಡ ಆಸ್ತಿಕನ ಮನಸ್ಸಿನಲ್ಲಿ ಈ ಪ್ರಶ್ನೆ ಮೂಡದಿರದು. 1968ರಲ್ಲಿ ಮೊದಲಾದ ಈ ಸಂಗ್ರಹಕ್ಕಾಗಿ, ದೇ. ಜವರೇಗೌಡರ ಆಸರೆಯಲ್ಲಿ, ಜೀ.ಶಂ. ಪರಮಶಿವಯ್ಯನವರೇ ಮೊದಲಾದವರೊಡನೆ ಹಳ್ಳಿಹಳ್ಳಿಗಳನ್ನು ಸುತ್ತಿದ ಪಿ.ಆರ್. ತಿಪ್ಪೇಸ್ವಾಮಿಯವರು ಅದರ ಕ್ಯುರೇಟರರೂ ಆಗಿದ್ದರು. ಹಿರಿಯೂರು ಸೀಮೆಯ ಹರ್ತಿಕೋಟೆಯಲ್ಲಿ 1922ರಲ್ಲಿ ಹುಟ್ಟಿದ ಅವರು ಜಲವರ್ಣದ ನಿಸರ್ಗಚಿತ್ರಗಳಿಂದ ಹೆಸರಾದವರು.

ಆಗಮವು ಈ ಪ್ರಶ್ನೆಗೆ ತನ್ನದೇ ಉತ್ತರವನ್ನು ಇಟ್ಟುಕೊಂಡಿದೆ. ದೇಗುಲದ ಜೀರ್ಣೋದ್ಧಾರಕ್ಕೆ ಮುನ್ನ ಕಲಾಕರ್ಷಣವೆಂಬ ವಿಧಿಯಿಂದ ಬಿಂಬದ ಸಾನ್ನಿಧ್ಯವನ್ನು ಕುಂಭಕ್ಕೆ ಸೆಳೆದು ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿ ಇರಿಸುವರು. ಆಮೇಲೆ ಶಿಲೆಯು ಬರಿಯ ಶಿಲೆ. ಆದರೆ ಸೋಮನ ಭಕ್ತರಿಗೆ ಇಷ್ಟು ಕ್ರಮದ ಅಗತ್ಯವಿಲ್ಲ. ಅಗಲಗಣ್ಣಿನ, ಕೆಂಬಣ್ಣದ ಆ ಮರದ ಮೊಗವು ವರ್ಷದ ಬಹುಭಾಗ ಸುಮ್ಮನಿದ್ದು, ಜಾತ್ರೆ ಬಂದಾಗ ಹೊಸ ಬಣ್ಣ ಕಂಡು, ಅರೆವಾದ್ಯದ ಬಡಿತಕ್ಕೆ ಯಾರದೋ ಮೈಯನ್ನೇರಿ ಎದ್ದು ನಿಲ್ಲುತ್ತದೆ. ಕುಣಿತ ಮುಗಿದೊಡನೆ ದೈವವು ಮರವನ್ನು ಬಿಟ್ಟು ಹೋಗುತ್ತದೆ, ಮರವು ಲಡ್ಡಾದರೆ ಹೊಸದನ್ನು ಕೆತ್ತಿಸುವರು. ಹಾಗಾದರೆ ಸಂಗ್ರಹಾಲಯವು ದೈವವನ್ನು ಹೊರಗಟ್ಟಿತೆಂದು ದೂರುವುದು ನ್ಯಾಯವಲ್ಲ. ಬರುತ್ತ ಹೋಗುತ್ತ ಇರುವುದೇ ಅದರ ಸ್ವಭಾವ. ಸಂಗ್ರಹಾಲಯವು ಕಸಿದುಕೊಳ್ಳುವುದು ಅದರ ಬರವಿನ ಹೊತ್ತನ್ನು. ಅಲ್ಲಿ ಮೊಗಕ್ಕೆ ಜಾತ್ರೆಯಿಲ್ಲ, ಹೊಸ ಬಣ್ಣವೂ ನಿಷಿದ್ಧ. ಈ ನಷ್ಟವನ್ನು ನಾನು ಅಲ್ಪವೆಂದು ಎಣಿಸಲಾರೆ.

ಆದರೂ ಈ ಕೆಲಸಕ್ಕೆ ಚಿತ್ರಕಾರನೊಬ್ಬನು ಕೈಹಾಕಿದುದು ಸುಕೃತವೆಂದೇ ನನ್ನ ಭಾವನೆ. ಕಾಗದದ ತೇವ ಆರುವುದರೊಳಗೆ ಬೆಟ್ಟದ ಮೇಲಣ ಬೆಳಕನ್ನು ಹಿಡಿಯಬೇಕಾದ ಜಲವರ್ಣದ ಕಲಾವಿದನಿಗೆ, ಹೊತ್ತು ಮೀರಿದರೆ ರೂಪವೂ ಕೈತಪ್ಪುವುದೆಂಬುದು ದಿನದಿನದ ಅನುಭವ. ನಿತ್ಯವಾದುದನ್ನು ಮಾತ್ರ ಪೂಜ್ಯವೆಂದು ಬಗೆಯುವ ತತ್ತ್ವಜ್ಞರಿಗಿಂತ ಅವನು ಜನಪದರ ದೇವರಿಗೆ ಹತ್ತಿರದವನು. ಅಂಥವರ ತರುವಾಯ ಬಂದ ಪಾಲಕರಲ್ಲಿ ನನ್ನ ಕೋರಿಕೆ ಇಷ್ಟೆ: ಮೊಗದ ಕೆಳಗಣ ಚೀಟಿಯಲ್ಲಿ ಮರದ ಅಳತೆಯೊಡನೆ, ಅದು ಯಾವ ಊರ ಯಾವ ದೇವತೆಯ ಮುಂದೆ, ಯಾವ ಮಾಸದ ಜಾತ್ರೆಯಲ್ಲಿ ಕುಣಿಯುತ್ತಿತ್ತೆಂಬುದನ್ನೂ, ಅದನ್ನು ಕೆತ್ತಿದವನ ಹೆಸರನ್ನೂ ಬರೆಯಲಿ, ಆ ಊರವರು ಜಾತ್ರೆಯ ದಿನ ಹೂವು ಹಿಡಿದು ಬಂದರೆ ಬಾಗಿಲಲ್ಲಿ ತಡೆಯದಿರಲಿ.