ಕಾವಲಿನ ಋಣ

ದೇವದುರ್ಗ, ಮಾನ್ವಿ, ರಾಯಚೂರು. ಈ ಮೂರು ಊರುಗಳ ನಡುವೆ ಓಡಾಡುತ್ತಲೇ ನನ್ನ ವಕೀಲಿಯ ಬಹುಪಾಲು ಕಳೆದಿದೆ. ಹಲವು ವರ್ಷಗಳ ಹಿಂದೆ ಒಂದು ನ್ಯಾಯಾಲಯದ ವರಾಂಡದಲ್ಲಿ ನನ್ನ ಕಕ್ಷಿದಾರಳಾದ ವಿಚಾರಣಾಧೀನ ಕೈದಿ ಕೂತಿದ್ದಳು. ಮಧ್ಯಾಹ್ನವಾದರೂ ಅವಳ ಕೇಸು ಕೂಗಿರಲಿಲ್ಲ. ಜೊತೆಗಿರಬೇಕಾದ ಮಹಿಳಾ ಪೇದೆಯನ್ನು ಬೇರೆ ಬಂದೋಬಸ್ತಿಗೆ ಕಳಿಸಿದ್ದರು. ಮುಟ್ಟಾಗಿದ್ದ ಅವಳು ಸೆರಗು ಬಿಗಿಹಿಡಿದು, ತಲೆ ಎತ್ತದೆ, ಕಾವಲಿಗಿದ್ದ ಪೇದೆಗೆ ಏನೋ ಹೇಳಿದಳು. ಆತ ಒಳ್ಳೆಯ ಮನುಷ್ಯ. ಚಹಾ ಕೊಡುವ ಹುಡುಗನ ಕೈಗೆ ತನ್ನ ದುಡ್ಡು ಕೊಟ್ಟು ಪ್ಯಾಡ್ ತರಿಸಿದ. ಹಳೇ ಪೇಪರಿನಲ್ಲಿ ಸುತ್ತಿದ ಆ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಅವಳು ಎರಡೂ ಕೈ ಮುಗಿದಳು: “ನಿಮ್ಮ ಋಣ ಹೆಂಗ ತೀರಿಸ್ಲಿರೀ ಸಾಹೇಬ್ರ?”

ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಆತ ಏನನ್ನೂ ಕೇಳಲಿಲ್ಲ, ನಿಜ. ಆದರೆ ಆ ಜಾಗದಲ್ಲಿ ಋಣ ವಸೂಲಿ ಮಾಡುವವನೊಬ್ಬ ನಿಂತಿದ್ದರೆ?

ಸೆರೆಮನೆಯ ಸಿಬ್ಬಂದಿಯಿಂದ ಆಗುವ ಲೈಂಗಿಕ ದುರ್ನಡತೆ ಎಂದಾಗ ನಾವು ಕತ್ತಲು, ಚೀರಾಟ, ಬಲಾತ್ಕಾರವನ್ನೇ ಕಲ್ಪಿಸಿಕೊಳ್ಳುತ್ತೇವೆ. ಆದರೆ ಅದರ ಬೇರು ಎಷ್ಟೋ ಸಲ ಉಪಕಾರದಲ್ಲಿರುತ್ತದೆ. ಒಂದು ಸೋಪು, ಮನೆಗೆ ಒಂದು ಫೋನು, ಮುಲಾಖತ್‌ಗೆ ಹತ್ತು ನಿಮಿಷ ಹೆಚ್ಚು. ನಮ್ಮ ಕಡೆ ಸುಗ್ಗಿ ಮುಗಿದರೆ ಕುಟುಂಬಗಳು ಗುಳೆ ಹೋಗುತ್ತವೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದ ಗಂಡ ಮುಲಾಖತ್‌ಗೆ ಹೇಗೆ ಬಂದಾನು? ಹೊರಗಿನವರು ಯಾರೂ ಇಲ್ಲದವಳಿಗೆ ಕಾವಲಿನವನೇ ದಿಕ್ಕು. ಹಕ್ಕಾಗಿ ಸಿಗಬೇಕಾದದ್ದು ದಯೆಯಾಗಿ ಸಿಕ್ಕಿತೆಂದರೆ ಅದು ಲೆಕ್ಕಕ್ಕೆ ಬರುತ್ತದೆ. ಲೆಕ್ಕವನ್ನು ಯಾವತ್ತು ಚುಕ್ತಾ ಮಾಡಬೇಕೆಂದು ಹೇಳುವವನು ಕೀಲಿಕೈ ಹಿಡಿದವನು.

ಕಾವಲಿನಲ್ಲಿರುವವಳು ಮಣಿದರೆ ಅದು ಒಪ್ಪಿಗೆಯಲ್ಲ ಎಂಬುದನ್ನು ಅರಿಯಲು ನಮ್ಮ ನ್ಯಾಯವ್ಯವಸ್ಥೆಗೂ ಕಾಲ ಹಿಡಿಯಿತು. 1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯೊಳಗೆ ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರ ನಡೆದ ಆರೋಪವಿತ್ತು. ಮೈಮೇಲೆ ಗಾಯದ ಗುರುತಿಲ್ಲ, ಪ್ರತಿಭಟಿಸಿದ ಲಕ್ಷಣವಿಲ್ಲ ಎಂದು ಸುಪ್ರೀಂ ಕೋರ್ಟು 1978ರಲ್ಲಿ ಇಬ್ಬರು ಪೊಲೀಸರನ್ನು ಖುಲಾಸೆ ಮಾಡಿತು. ಮರುವರ್ಷ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಸೇರಿ ನಾಲ್ವರು ಕಾನೂನು ಪ್ರಾಧ್ಯಾಪಕರು ಬರೆದ ಬಹಿರಂಗ ಪತ್ರ ಮುಖ್ಯವಾಗಿ ಒಂದನ್ನು ಎತ್ತಿ ತೋರಿಸಿತು: ಮಣಿಯುವುದು ಬೇರೆ, ಒಪ್ಪುವುದು ಬೇರೆ. ದೇಶದಾದ್ಯಂತ ಹೆಣ್ಣುಮಕ್ಕಳು ಬೀದಿಗಿಳಿದರು. 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಇಂದಿನ ಭಾರತೀಯ ನ್ಯಾಯ ಸಂಹಿತೆಯ 64ನೇ ಕಲಮಿನ ಪ್ರಕಾರ ಜೈಲು ಸಿಬ್ಬಂದಿ ಅತ್ಯಾಚಾರ ಮಾಡಿದರೆ ಕನಿಷ್ಠ 10 ವರ್ಷ ಕಠಿಣ ಶಿಕ್ಷೆ. ಅಂಥ ಪ್ರಕರಣದಲ್ಲಿ ಸಂಭೋಗ ನಡೆದದ್ದು ಸಾಬೀತಾಗಿ, ‘ನನಗೆ ಒಪ್ಪಿಗೆ ಇರಲಿಲ್ಲ’ ಎಂದು ಆಕೆ ಹೇಳಿದರೆ ನ್ಯಾಯಾಲಯ ಹಾಗೆಂದೇ ಭಾವಿಸಬೇಕು. ಅಧಿಕಾರ ಬಳಸಿ ಪುಸಲಾಯಿಸಿದ ಸಂಬಂಧವೂ 68ನೇ ಕಲಮಿನಡಿ ಅಪರಾಧವೇ.

ಇವೆಲ್ಲ ಅಪರಾಧ ಆದ ಮೇಲಿನ ಮಾತು. ಆಗದಂತೆ ತಡೆಯುವುದು ದಿನನಿತ್ಯದ ಸಣ್ಣ ನಿಯಮಗಳ ಕೆಲಸ. ಕೈದಿಗಳನ್ನು ನಡೆಸಿಕೊಳ್ಳುವ ಬಗೆಗಿನ ವಿಶ್ವಸಂಸ್ಥೆಯ ಮಂಡೇಲಾ ನಿಯಮಗಳಲ್ಲಿ 81ನೆಯದು ನನಗೆ ಬಹಳ ಪ್ರಿಯವಾದದ್ದು. ಮಹಿಳಾ ವಿಭಾಗದ ಎಲ್ಲ ಕೀಲಿಕೈಗಳೂ ಜವಾಬ್ದಾರಿಯುತ ಮಹಿಳಾ ಅಧಿಕಾರಿಯ ವಶದಲ್ಲೇ ಇರಬೇಕು, ಮಹಿಳಾ ಸಿಬ್ಬಂದಿ ಜೊತೆಗಿಲ್ಲದೆ ಗಂಡಸರು ಒಳಗೆ ಕಾಲಿಡಬಾರದು ಎನ್ನುತ್ತದೆ ಅದು. ಅಮೆರಿಕದಲ್ಲಿ ಜೈಲಿನೊಳಗಿನ ಅತ್ಯಾಚಾರ ತಡೆಯಲು ಬಂದ 2003ರ ಕಾನೂನಿನಡಿ ರೂಪುಗೊಂಡ ನಿಯಮಗಳಲ್ಲಿ ಇನ್ನೆರಡು ಕಲಿಯುವ ಅಂಶಗಳಿವೆ. ಜೈಲಿಗೆ ಸಂಬಂಧವಿಲ್ಲದ ಹೊರಗಿನವರಿಗೆ ದೂರು ಕೊಡುವ ದಾರಿಯೊಂದು ಇರಲೇಬೇಕು. ದೂರು ಕೊಟ್ಟವರ ಮೇಲೆ ಯಾರೂ ಸೇಡು ತೀರಿಸಿಕೊಳ್ಳದಂತೆ ಕನಿಷ್ಠ 90 ದಿನ ನಿಗಾ ಇಡಬೇಕು.

ನಮ್ಮ ನೆಲಕ್ಕೆ ಇದನ್ನು ಹೊಂದಿಸುವಾಗ ಎರಡು ಮಾತು ಸೇರಿಸಬೇಕು. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು ಅರ್ಧದಷ್ಟೂ ಇರಲಿಲ್ಲ. ಅಂಥವರಿಗೆ ಗೋಡೆಯ ಮೇಲಿನ ದೂರು ಪೆಟ್ಟಿಗೆ ಬರೀ ತಗಡಿನ ಡಬ್ಬಿ. ಎದುರು ಕೂತು ಕೇಳಿಸಿಕೊಳ್ಳುವ ಹೆಣ್ಣೊಬ್ಬಳು ನಿಗದಿತ ದಿನ ಒಳಗೆ ಹೋಗಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲೆಯರು, ಸ್ವಯಂಸೇವಕಿಯರು ಆ ಕೆಲಸಕ್ಕೆ ತಕ್ಕವರು. ಇನ್ನೊಂದು, ಪ್ರಯಾಣ. ದೇವದುರ್ಗದಿಂದಲೋ ಮಾನ್ವಿಯಿಂದಲೋ ಕೈದಿಯನ್ನು ರಾಯಚೂರಿಗೆ, ಮುಂದೆ ಬಳ್ಳಾರಿ ಅಥವಾ ಕಲಬುರಗಿಯ ಕೇಂದ್ರ ಕಾರಾಗೃಹಕ್ಕೆ ಕರೆದೊಯ್ಯುವ ವ್ಯಾನಿನೊಳಗೆ ನೋಡುವವರಿಲ್ಲ. ನಿಯಮ ಜೈಲಿನ ಬಾಗಿಲಲ್ಲಿ ಇಳಿದುಬಿಡಬಾರದು, ವ್ಯಾನನ್ನೂ ಹತ್ತಬೇಕು.

ಒಳ್ಳೆಯವರನ್ನು ನಿಯಮ ಅನುಮಾನಿಸುತ್ತದೆ ಎಂದು ಕೆಲವರಿಗೆ ಬೇಸರ. ಆ ಪೇದೆಯ ಮುಖ ನೆನೆದರೆ ನನಗೆ ಹಾಗನ್ನಿಸುವುದಿಲ್ಲ. ಅವನ ಜೇಬಿನ ದುಡ್ಡು, ಅವನ ಒಳ್ಳೆಯತನ ಎರಡನ್ನೂ ನೆಚ್ಚಿ ಅವನನ್ನು ಒಂಟಿಯಾಗಿ ನಿಲ್ಲಿಸಿದ್ದು ನಿಯಮವಿಲ್ಲದ ವ್ಯವಸ್ಥೆ.

ಆ ಕೇಸಿನ ಮುಂದಿನ ಹಿಯರಿಂಗಿಗೆ ಮುಂಚೆ ನಾನೊಂದು ಚಿಕ್ಕ ಅರ್ಜಿ ಹಾಕಿದೆ. ಈಕೆಯನ್ನು ಕರೆತರುವಾಗ ಮಹಿಳಾ ಪೇದೆ ಇಡೀ ದಿನ ಜೊತೆಗಿರಬೇಕು, ಅಗತ್ಯ ವಸ್ತುಗಳು ಇಲಾಖೆಯಿಂದಲೇ ಬರಬೇಕು ಎಂದು ನ್ಯಾಯಾಧೀಶರು ಎರಡು ಸಾಲಿನ ಆದೇಶ ಬರೆದರು. ಹಿಯರಿಂಗಿನ ದಿನ ಅದೇ ವರಾಂಡದಲ್ಲಿ ಮಹಿಳಾ ಪೇದೆ ಚೀಲದಿಂದ ಪೊಟ್ಟಣ ತೆಗೆದು ಕೊಟ್ಟಳು. ನನ್ನ ಕಕ್ಷಿದಾರಳು ಅದನ್ನು ತೆಗೆದುಕೊಂಡು ಪಕ್ಕಕ್ಕಿಟ್ಟು, ನನ್ನ ಕಡೆ ತಿರುಗಿ ಜಾಮೀನಿನ ವಿಷಯ ಕೇಳತೊಡಗಿದಳು. ಕೈ ಮುಗಿಯಲಿಲ್ಲ.