ದೊರೆಯದ ಸ್ಥಾನ

ಸಕಲೇಶಪುರ, ಆಲೂರು ಸೀಮೆಯ ಕಾಫಿ ಬೆಳೆಗಾರರು ಬಲ್ಲರು: ಹೂಮಳೆಗೆ ತೋಟವೆಲ್ಲ ಬಿಳುಪೇರಿದರೂ, ಹಿಂದೆ ಬರಬೇಕಾದ ಮಳೆ ತಪ್ಪಿದರೆ ಫಸಲು ಕುಗ್ಗುವುದು. ಅದಕ್ಕಾಗಿ ಗಿಡವನ್ನು ಹಳಿಯುವವರಿಲ್ಲ. ಮನುಷ್ಯನಿಗೆ ಯೋಗ್ಯತೆಯಿದ್ದೂ ಪದವಿ ಬಾರದಿದ್ದರೆ ಮಾತ್ರ ಲೋಕವು ಅವನನ್ನು ಸೋತವನೆನ್ನುತ್ತದೆ. ಇದು ಸರಿಯೇ?

ಕರ್ನಾಟಕದ ಕ್ರಿಕೆಟ್ ಆಟಗಾರ ಬಿ. ವಿಜಯಕೃಷ್ಣ ಅವರು ಎಡಗೈ ಸ್ಪಿನ್ ಬೌಲಿಂಗಿನಲ್ಲಿ ನಿಪುಣರು. 80 ಪ್ರಥಮ ದರ್ಜೆಯ ಪಂದ್ಯಗಳಲ್ಲಿ 194 ವಿಕೆಟ್ ಪಡೆದವರು. ಟೆಸ್ಟ್ ಪಂದ್ಯ ಅವರಿಗೆ ಒಂದೂ ದೊರೆಯಲಿಲ್ಲ. ಭಾರತ ತಂಡದಲ್ಲಿ ಆ ಬಗೆಯ ಬೌಲರಿಗಿದ್ದ ಸ್ಥಾನದಲ್ಲಿ 1966ರಿಂದ 1979ರವರೆಗೆ ಬಿಷನ್ ಸಿಂಗ್ ಬೇಡಿಯವರಿದ್ದರು. ರಣಜಿ ಪಂದ್ಯಗಳಲ್ಲಿ 637 ವಿಕೆಟ್ ಪಡೆದ ಹರಿಯಾಣದ ರಾಜಿಂದರ್ ಗೋಯಲ್ ಅವರಿಗೇ ಆ ಬಾಗಿಲು ತೆರೆಯಲಿಲ್ಲವೆಂದ ಮೇಲೆ ಹೇಳುವುದೇನು!

ಅನ್ಯಾಯವೆನ್ನೋಣವೆಂದರೆ, ಬೇಡಿಯವರು ಯಾರದನ್ನೂ ಕಸಿದುಕೊಂಡವರಲ್ಲ. ಅವರ ಮೇಲ್ಮೆ ನಿರ್ವಿವಾದ. ವಿಧಿಯೆಂದು ಕೈತೊಳೆದುಕೊಳ್ಳುವುದಂತೂ ಸೋಮಾರಿಯ ಮಾತು. ವಿಚಾರಿಸತಕ್ಕದ್ದು ಬೇರೆ: ಪದವಿಯನ್ನು ಕಳೆದು ನೋಡಿದರೆ ಕೆಲಸದಲ್ಲಿ ಏನು ಉಳಿಯುತ್ತದೆ? 15 ವರ್ಷ ಬೊಂಬಾಯಿಯನ್ನು ಬಿಟ್ಟು ಕದಲದಿದ್ದ ರಣಜಿ ಪಾರಿತೋಷಕವನ್ನು 1974ರಲ್ಲಿ ಕರ್ನಾಟಕವು ಗೆದ್ದಿತು. ಪ್ರಸನ್ನ, ಚಂದ್ರಶೇಖರರೊಡನೆ ಆ ತಂಡದಲ್ಲಿ ಚೆಂಡು ಹಿಡಿದವರಲ್ಲಿ ವಿಜಯಕೃಷ್ಣರೂ ಒಬ್ಬರು. ಟೆಸ್ಟ್ ಆಡಿದ ಆ ಇಬ್ಬರ ಓವರಿಗೂ ಇವರ ಓವರಿಗೂ ಎಸೆತಗಳು ಆರೇ.