ಗಾಂಡೀವ ಜಾರಿದಾಗ



ಬೆಳಗಿನ ಜಾವ ಐದು ಗಂಟೆಗೆ ಫೋನ್ ಬಂದರೆ ನೈರೋಬಿಯ ನಮ್ಮ ಮನೆಗಳಲ್ಲಿ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಊರಲ್ಲಿ ಆಗ ಏಳೂವರೆ. ಅಮ್ಮ ಕಾಫಿ ಕುಡಿದು ಸುಮ್ಮನೆ ಮಾಡಿರಬಹುದು. ಆದರೆ ಹಾಸಿಗೆಯಿಂದ ಫೋನಿನವರೆಗಿನ ನಾಲ್ಕು ಹೆಜ್ಜೆಯಲ್ಲಿ ನಮ್ಮ ಮನಸ್ಸು ಟಿಕೆಟ್ ತೆಗೆಸಿ, ಬೆಂಗಳೂರಿನಲ್ಲಿಳಿದು, ಆಸ್ಪತ್ರೆಯ ಬಾಗಿಲಿಗೆ ಹೋಗಿ ನಿಂತಿರುತ್ತದೆ.

ಈ ತಳಮಳದ ಬಗ್ಗೆ ನಾಲ್ಕು ಮಾತು ಹಂಚಿಕೊಳ್ಳುತ್ತಿದ್ದೇವೆ. ನಾವು ಪಂಡಿತರಲ್ಲ, ಕಂಪ್ಯೂಟರ್ ಕೆಲಸದವರು. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ಗೀತೆಯ ಮೊದಲನೆಯ ಅಧ್ಯಾಯವನ್ನು ಬರೀ ಪೀಠಿಕೆಯೆಂದು ನಾವೆಲ್ಲ ಬೇಗ ದಾಟಿಬಿಡುತ್ತೇವೆ. ಅಲ್ಲಿ ಅರ್ಜುನ ಹೇಳಿಕೊಳ್ಳುವುದನ್ನು ನೋಡಿ. ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ರೋಮ ನಿಮಿರಿದೆ, ಚರ್ಮ ಉರಿಯುತ್ತಿದೆ, ಗಾಂಡೀವ ಕೈಯಿಂದ ಜಾರುತ್ತಿದೆ, ನಿಲ್ಲಲಾಗುತ್ತಿಲ್ಲ. ಅವನ ಸಂಕಟ ದೊಡ್ಡದು, ನಮ್ಮದು ಚಿಕ್ಕದು. ಆದರೆ ಮೈ ಆಡುವ ಭಾಷೆ ಒಂದೇ.

ಇದು ನಮಗೆ ಅರ್ಥವಾದದ್ದು 2024ರಲ್ಲಿ. ಜೂನ್ 25ರಂದು ತೆರಿಗೆ ಮಸೂದೆಯ ವಿರುದ್ಧ ಪ್ರತಿಭಟಿಸುತ್ತಿದ್ದವರು ಸಂಸತ್ ಭವನಕ್ಕೆ ನುಗ್ಗಿದರು. ಗುಂಡು ಹಾರಿತು, ಜೀವಗಳು ಹೋದವು. ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಂಡು ರಾತ್ರಿಯೆಲ್ಲ ಮೊಬೈಲ್ ನೋಡುತ್ತಾ ಕೂತೆವು. 2007ರ ಚುನಾವಣೆಯ ನಂತರದ ವಾರಗಳನ್ನೂ 2013ರ ವೆಸ್ಟ್‌ಗೇಟ್ ದಾಳಿಯನ್ನೂ ಇಲ್ಲೇ ಇದ್ದು ಕಂಡ ಹಿರಿಯರು ನಮಗಿಂತ ಗಟ್ಟಿಯಾಗಿದ್ದರು. ಕೆಲವು ದಿನಗಳ ನಂತರ, ಊರೆಲ್ಲ ತಣ್ಣಗಾದ ಮೇಲೆ, ಆಫೀಸಿನಲ್ಲಿ ಎದೆ ಬಿಗಿಹಿಡಿದು ಕೈ ತಣ್ಣಗಾಯಿತು. ಇ.ಸಿ.ಜಿ. ಸರಿಯಾಗಿಯೇ ಇತ್ತು. ಡಾಕ್ಟರು "ಹೃದಯಕ್ಕೇನೂ ಆಗಿಲ್ಲ, ಇದು ಆತಂಕ" ಎಂದರು. ನಾವು ಮನೆಗೆ ಬಂದು "ಗ್ಯಾಸ್ಟ್ರಿಕ್" ಎಂದು ಹೇಳಿದೆವು! ನಿಜ ಬಾಯಿಗೆ ಬರಲು ಎರಡು ವಾರ ಬೇಕಾಯಿತು. ಆಗ ಮನೆಯಾಕೆ ಹೇಳಿದ್ದು, "ನನಗೂ ರಾತ್ರಿ ನಿದ್ದೆ ಬರೋಲ್ಲ. ನಿಮಗೆ ಗಾಬರಿ ಆಗುತ್ತೆ ಅಂತ ಸುಮ್ಮನಿದ್ದೆ."

ಅರ್ಜುನ ಮಾಡಿದ್ದು, ನಾವು ಮಾಡದೆ ಹೋದದ್ದು ಇದೇ. ಅವನು ಎರಡೂ ಸೇನೆಗಳ ನಡುವೆ ನಿಂತು, ನಾಚಿಕೆ ಬಿಟ್ಟು, ಗೆಳೆಯನ ಮುಂದೆ ಹೇಳಿಕೊಂಡ. ಶ್ರೀಕೃಷ್ಣ ಮೊದಲು ಗದರಿದ್ದೂ ಉಂಟು. ಆದರೆ ರಥದಿಂದ ಇಳಿದು ಹೋಗಲಿಲ್ಲ. ಮುಂದೆ ಆರನೆಯ ಅಧ್ಯಾಯದಲ್ಲಿ, ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟೇ ಕಷ್ಟ ಎಂದು ಅರ್ಜುನ ದೂರಿದಾಗ, ಭಗವಂತ ಸಂಶಯವಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಒಪ್ಪಿದ ಮೇಲೆಯೇ ಅಭ್ಯಾಸ ಮತ್ತು ವೈರಾಗ್ಯದ ಮಾತು ಬರುವುದು.

ಅಭ್ಯಾಸವೆಂದರೆ ನಮ್ಮ ಮನೆಯಲ್ಲಿ ದೊಡ್ಡದೇನಲ್ಲ. ದೀಪ ಹಚ್ಚಿದ ಮೇಲೆ ಐದು ನಿಮಿಷ ಕೂತು, ನಾಲ್ಕು ಎಣಿಸುವಷ್ಟು ಉಸಿರೆಳೆದು ಆರು ಎಣಿಸುವಷ್ಟು ಬಿಡುತ್ತೇವೆ. ಬಿಡುವ ಉಸಿರು ನೀಳವಾದರೆ ಎದೆಬಡಿತ ತಾನಾಗಿ ನಿಧಾನವಾಗುತ್ತದೆ. ಶನಿವಾರ ಕರೂರ ಕಾಡಿನಲ್ಲಿ ಮಕ್ಕಳೊಂದಿಗೆ ನಡೆಯುತ್ತೇವೆ. ಮಲಗುವಾಗ ಕನಕದಾಸರು ತಮ್ಮ ಮನಸ್ಸಿಗೇ ಸಮಾಧಾನ ಹೇಳುವ ಕೀರ್ತನೆ. ಬೆಟ್ಟದ ತುದಿಯ ಮರಕ್ಕೆ ನೀರೆರೆದವರಾರು, ಕಲ್ಲೊಳಗಿನ ಕಪ್ಪೆಗೆ ಉಣಿಸುವವರಾರು ಎಂದು ದಾಸರು ಮನಸ್ಸನ್ನು ಗದರುವುದಿಲ್ಲ, ಮಗುವನ್ನು ಕೇಳಿದಂತೆ ಕೇಳುತ್ತಾರೆ. ನಮ್ಮ ಮಗಳಿಗೆ ಕಪ್ಪೆಯದೇ ಚಿಂತೆ.

ವೈರಾಗ್ಯ ಇನ್ನೂ ಕಷ್ಟ. ನಮ್ಮ ಕೆಲಸದಲ್ಲಿ ಸಣ್ಣದಕ್ಕೆಲ್ಲ ಅಲಾರಾಂ ಹೊಡೆಯುವಂತೆ ಇಟ್ಟರೆ ನಿಜವಾದ ತೊಂದರೆ ಬಂದಾಗ ಯಾರೂ ಏಳುವುದಿಲ್ಲ. ಅದಕ್ಕೇ ರಾತ್ರಿ ಒಂಬತ್ತರ ಮೇಲೆ ಊರಿನ ಮೂರು ನಂಬರುಗಳನ್ನು ಬಿಟ್ಟು ಮಿಕ್ಕೆಲ್ಲ ಸದ್ದು ಬಂದ್. ಒಂದು ನೋಟ್ ಪುಸ್ತಕವೂ ಇದೆ. ನಮ್ಮ ಕೈಲಾಗುವುದು ಎಡಕ್ಕೆ, ಆಗದ್ದು ಬಲಕ್ಕೆ. ಅಪ್ಪನ ಬಿ.ಪಿ. ಮಾತ್ರೆ ತರಿಸುವುದು ಎಡಕ್ಕೆ. ಅಪ್ಪನ ವಯಸ್ಸು ಬಲಕ್ಕೆ.

ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ ಎನ್ನುವವರು ದಯವಿಟ್ಟು ಡಾಕ್ಟರನ್ನು ಕಾಣಿ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಿಯೇ ವಿಷ್ಣುಸಹಸ್ರನಾಮ ಹೇಳುವ ನಾವು, ಇದಕ್ಕೆ ಮಾತ್ರ ಸಹಸ್ರನಾಮ ಸಾಕು ಎನ್ನುವುದೇಕೋ ತಿಳಿಯದು.

ಕಳೆದ ತಿಂಗಳು ಮತ್ತೆ ಬೆಳಗಿನ ಐದಕ್ಕೆ ಫೋನ್ ಬಂತು. ಕೈ ನಡುಗಿತು, ಸುಳ್ಳು ಹೇಳುವುದಿಲ್ಲ. ಎರಡು ನೀಳ ಉಸಿರು ಬಿಟ್ಟು ಎತ್ತಿದೆವು. ಅಮ್ಮ ಕೇಳಿದರು, "ಅಲ್ಲಿ ಹೀರೇಕಾಯಿ ಸಿಗುತ್ತೇನೋ?"